ಎರಡನೆಯ ಹಾರ್ಡ್ ಡಿಸ್ಕ್ ಹಾಕಿದ ಮೇಲೆ ಬೂಟ್ ಆಗದ ಲಿನಕ್ಸ್: ಚಾಮರಾಜಪೇಟೆಯ ಅಂಗಡಿಯೊಂದರ ರಿಪೇರಿ ದಾಖಲೆ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನನ್ನ ಸೋದರಮಾವನವರ ಒಂದು ಸಣ್ಣ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಪುಸ್ತಕ, ಇವೇ ಅಲ್ಲಿನ ಮುಖ್ಯ ಕೆಲಸ. ಕಾಗದದ ರೀಮುಗಳ ಪಕ್ಕದಲ್ಲಿ ನಿಂತಿರುವ ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ಓಡುತ್ತಿದ್ದು, ಮುಂದಿನ ಮೇಜುಗಳ ಎರಡು ವಿಂಡೋಸ್ ಕಂಪ್ಯೂಟರುಗಳಿಗೆ ಅದು ಸಾಂಬಾ ಎಂಬ ತಂತ್ರಾಂಶದ ಮೂಲಕ ಫೈಲುಗಳನ್ನು ಹಂಚುತ್ತದೆ. ನುಡಿ ಫಾಂಟುಗಳಲ್ಲಿ ಕೂಡಿಸಿದ ಹಳೆಯ ಪತ್ರಿಕೆಗಳಲ್ಲಿ ಒಂದನ್ನೂ ಮಾವ ಅಳಿಸುವುದಿಲ್ಲ. ಅಕ್ಕನ ಮದುವೆಗೆ ಕಾರ್ಡು ಮಾಡಿಸಿದವರು ತಂಗಿಯ ಮದುವೆಗೂ ಅದೇ ವಿನ್ಯಾಸ ಬೇಕೆಂದು ಬರುತ್ತಾರೆ ಎಂಬುದು ಅವರ ಅನುಭವ. ಹೀಗಾಗಿ ಅದರ 500 ಜಿಬಿ ಡಿಸ್ಕ್ ಶೇ 96ರಷ್ಟು ತುಂಬಿತ್ತು. ನನ್ನ ಮನೆಯ ಹಳೆಯ ಕಂಪ್ಯೂಟರಿನಿಂದ ಬಿಚ್ಚಿಟ್ಟಿದ್ದ 1 ಟಿಬಿ ಡಿಸ್ಕನ್ನು ಅದಕ್ಕೆ ಜೋಡಿಸಿಬಿಡೋಣ, ಒಂದು ಗಂಟೆಯ ಕೆಲಸ ಎಂದು ನಾನೇ ಹೇಳಿ ಭಾನುವಾರ ಬೆಳಿಗ್ಗೆ ಹೋದೆ. ಆ ಕೆಲಸ ಸೋಮವಾರ ರಾತ್ರಿ ಮುಗಿಯಿತು.

ಒಂದು ಸೂಚನೆ. ಆಜ್ಞೆಗಳನ್ನೂ ಪರದೆಯ ಸಂದೇಶಗಳನ್ನೂ ಇಲ್ಲಿ ಬಾಯಲ್ಲಿ ಹೇಳುವಂತೆ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನಲ್ಲಿಯೇ ಕೊಡಬೇಕು.

ಡಿಸ್ಕನ್ನು ಹಿಂದಿನ ದಿನವೇ ಮನೆಯಲ್ಲಿ ಯುಎಸ್‌ಬಿ ಡಾಕ್‌ಗೆ ಹಾಕಿ ಸಿದ್ಧಪಡಿಸಿದ್ದೆ. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ ತೋರಿಸಿದ ಅಂಕಿಗಳಲ್ಲಿ ಬದಲಿ ಸೆಕ್ಟರುಗಳೂ ಸೊನ್ನೆ, ಬಾಕಿ ಉಳಿದ ಸೆಕ್ಟರುಗಳೂ ಸೊನ್ನೆ ಇದ್ದುದರಿಂದ ಡಿಸ್ಕ್ ಗಟ್ಟಿಯಾಗಿದೆ ಎಂದು ನಂಬಿದೆ. ಅದರಲ್ಲಿ ಮೊದಲು ಇದ್ದದ್ದೂ ಲಿನಕ್ಸೇ. ಎಫ್‌ಡಿಸ್ಕ್ ಎಂಬ ಉಪಕರಣದಲ್ಲಿ ಹಳೆಯ ಪಾರ್ಟಿಷನ್‌ಗಳನ್ನು (ಡಿಸ್ಕಿನ ವಿಭಾಗಗಳನ್ನು) ತೆಗೆದು, ಪೂರ್ತಿ ಡಿಸ್ಕಿಗೆ ಒಂದೇ ಪಾರ್ಟಿಷನ್ ಮಾಡಿ, ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡಿದೆ. ಅಲ್ಲಿಗೆ ಹಳೆಯ ಲಿನಕ್ಸಿನ ಗುರುತೇ ಉಳಿದಿಲ್ಲವೆಂದು ನಾನು ಭಾವಿಸಿದ್ದು ಮೊದಲನೆಯ ತಪ್ಪು.

ಅಂಗಡಿಯ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ನಾಲ್ಕು ಸಾಟಾ ಪೋರ್ಟುಗಳಿವೆ. ಮೂಲ ಡಿಸ್ಕಿನ ಕೇಬಲ್ ಎರಡನೆಯ ಪೋರ್ಟಿನಲ್ಲಿತ್ತು, ಮೊದಲನೆಯದು ಖಾಲಿಯಿತ್ತು. ಧೂಳು ಒರೆಸಿ, ಕೈಗೆ ಸುಲಭವಾಗಿ ಎಟುಕಿದ ಆ ಮೊದಲನೆಯ ಪೋರ್ಟಿಗೇ ಹೊಸ ಡಿಸ್ಕನ್ನು ಸಿಕ್ಕಿಸಿದೆ. ಕೇಬಲ್ ಮನೆಯ ಡ್ರಾಯರಿನಿಂದ ತಂದದ್ದು; ತುದಿಯಲ್ಲಿ ಲೋಹದ ಲಾಕ್ ಇರಲಿಲ್ಲ, ಕೂರಿಸಿದಾಗ ಸ್ವಲ್ಪ ಅಲ್ಲಾಡುತ್ತಿತ್ತು. ಅದನ್ನು ಕಂಡೂ ಮುಂದೆ ಹೋದೆ.

ಸ್ವಿಚ್ ಒತ್ತಿದ ಮೇಲೆ ಬಂದದ್ದು ಕಪ್ಪು ಪರದೆ. ಅದರ ಮೇಲೆ ‘ಎರರ್: ಫೈಲ್ /ಬೂಟ್/ಗ್ರಬ್/ಐ386-ಪಿಸಿ/ನಾರ್ಮಲ್.ಮಾಡ್ ನಾಟ್ ಫೌಂಡ್’, ಕೆಳಗೆ ‘ಎಂಟರಿಂಗ್ ರೆಸ್ಕ್ಯೂ ಮೋಡ್’, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’ ಎಂದು ಆಜ್ಞೆಗಾಗಿ ಕಾದಿರುವ ಸಾಲು. ಇಂಥ ಹೊತ್ತಿನಲ್ಲಿ ಅನೇಕರು ತಕ್ಷಣ ಲೈವ್ ಪೆನ್‌ಡ್ರೈವ್ ಹುಡುಕಲು ಹೊರಡುತ್ತಾರೆ. ಆದರೆ ಈ ಸಂದೇಶದಲ್ಲೇ ಅರ್ಧ ಉತ್ತರವಿದೆ. ಲಿನಕ್ಸನ್ನು ಎಬ್ಬಿಸುವ ಗ್ರಬ್ ಎಂಬ ಪುಟ್ಟ ತಂತ್ರಾಂಶ ಎದ್ದಿದೆ, ಒಂದು ಪಾರ್ಟಿಷನ್ನನ್ನು ಓದಿದೆ, ಅದರೊಳಗೆ ತನಗೆ ಬೇಕಾದ ಫೈಲನ್ನು ಹುಡುಕಿದೆ, ಸಿಕ್ಕಿಲ್ಲ. ಡಿಸ್ಕ್ ಕೆಟ್ಟಿದ್ದರೆ ಅಥವಾ ಪಾರ್ಟಿಷನ್ನೇ ಇಲ್ಲದಿದ್ದರೆ ಸಂದೇಶ ಬೇರೆಯೇ ಇರುತ್ತಿತ್ತು.

ರೆಸ್ಕ್ಯೂ ಸಾಲಿನಲ್ಲಿ ಕೆಲಸ ಮಾಡುವ ಆಜ್ಞೆಗಳು ಬೆರಳೆಣಿಕೆಯಷ್ಟು ಮಾತ್ರ. ಅವುಗಳಲ್ಲಿ ‘ಎಲ್‌ಎಸ್’ ಒಂದು. ಅದನ್ನು ಕೊಟ್ಟಾಗ ಎಚ್‌ಡಿ0, ಎಚ್‌ಡಿ1 ಎಂದು ಎರಡು ಡಿಸ್ಕುಗಳೂ, ಮೊದಲನೆಯದರಲ್ಲಿ ಒಂದು ಪಾರ್ಟಿಷನ್ನೂ ಎರಡನೆಯದರಲ್ಲಿ ಮೂರೂ ಕಂಡವು. ಗ್ರಬ್ ಡಿಸ್ಕುಗಳನ್ನು ಸೊನ್ನೆಯಿಂದಲೂ ಪಾರ್ಟಿಷನ್‌ಗಳನ್ನು ಒಂದರಿಂದಲೂ ಎಣಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಎಚ್‌ಡಿ0ರ ಮೊದಲ ಪಾರ್ಟಿಷನ್ನಿನ ಒಳಗೇನಿದೆ ಎಂದು ನೋಡಿದೆ. ‘ಲಾಸ್ಟ್ ಪ್ಲಸ್ ಫೌಂಡ್’ ಎಂಬ ಫೋಲ್ಡರ್ ಒಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ನಿನ್ನೆ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಅದು. ಅಂದರೆ ಬಯಾಸ್ (ಸ್ವಿಚ್ ಒತ್ತಿದೊಡನೆ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಮೂಲ ಡಿಸ್ಕನ್ನು ಬಿಟ್ಟು ಹೊಸದರಿಂದ ಬೂಟ್ ಮಾಡಲು ಹೊರಟಿತ್ತು, ಆ ಡಿಸ್ಕಿನಲ್ಲಿ ಯಾವುದೋ ಒಂದು ಗ್ರಬ್ ಇನ್ನೂ ಜೀವ ಹಿಡಿದುಕೊಂಡಿತ್ತು.

ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಗ್ರಬ್ ಉಳಿದದ್ದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಬಯಾಸ್ ಪದ್ಧತಿಯ ಡಿಸ್ಕಿನಲ್ಲಿ ಮೊದಲ ಸೆಕ್ಟರಿನ 512 ಬೈಟುಗಳ ಪೈಕಿ 446 ಬೂಟ್ ಕೋಡಿಗೆ, ಮುಂದಿನ 64 ಪಾರ್ಟಿಷನ್ ಪಟ್ಟಿಗೆ, ಕೊನೆಯ 2 ಬೈಟುಗಳು ‘55 ಎಎ’ ಎಂಬ ಗುರುತಿಗೆ ಮೀಸಲು. 446 ಬೈಟುಗಳಲ್ಲಿ ಗ್ರಬ್ ಪೂರ್ತಿ ಹಿಡಿಸುವುದಿಲ್ಲವಾದ್ದರಿಂದ, ಅದರ ಮುಂದಿನ ಭಾಗ ಈ ಸೆಕ್ಟರಿಗೂ ಮೊದಲ ಪಾರ್ಟಿಷನ್ನಿಗೂ ನಡುವಿನ ಖಾಲಿ ಜಾಗದಲ್ಲಿ ಕುಳಿತಿರುತ್ತದೆ. ಈಗಿನ ಉಪಕರಣಗಳು ಮೊದಲ ಪಾರ್ಟಿಷನ್ನನ್ನು 2048ನೆಯ ಸೆಕ್ಟರಿನಿಂದ ಆರಂಭಿಸುವುದರಿಂದ ಅಲ್ಲಿ ಸುಮಾರು 1 ಎಂಬಿ ಜಾಗವಿರುತ್ತದೆ. ಎಫ್‌ಡಿಸ್ಕ್‌ನಲ್ಲಿ ಪಾರ್ಟಿಷನ್ ಅಳಿಸಿ ಹೊಸದು ಮಾಡಿದಾಗ ಬದಲಾಗುವುದು ಆ 64 ಬೈಟುಗಳು. ಫಾರ್ಮ್ಯಾಟ್ ಮಾಡುವ ಆಜ್ಞೆ ಬರೆಯುವುದು ಪಾರ್ಟಿಷನ್ನಿನ ಒಳಗೆ ಮಾತ್ರ. ಬೂಟ್ ಕೋಡನ್ನಾಗಲಿ ಆ ಖಾಲಿ ಜಾಗವನ್ನಾಗಲಿ ಇವೆರಡೂ ಮುಟ್ಟುವುದಿಲ್ಲ. ಮನೆ ಖಾಲಿ ಮಾಡಿಸಿದ್ದೆ, ಬಾಗಿಲ ಮೇಲಿನ ಹೆಸರಿನ ಫಲಕವನ್ನು ತೆಗೆದಿರಲಿಲ್ಲ.

ಕೂತಲ್ಲೇ ಮುಗಿಸುವ ಹುಮ್ಮಸ್ಸಿನಲ್ಲಿ, ಗ್ರಬ್ ತನ್ನ ಫೈಲುಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ರೂಟ್ ಮತ್ತು ಪ್ರಿಫಿಕ್ಸ್ ಎರಡನ್ನೂ ಎಚ್‌ಡಿ1ರ ಮೊದಲ ಪಾರ್ಟಿಷನ್ನಿಗೆ ತಿರುಗಿಸಿ ‘ಇನ್ಸ್‌ಮಾಡ್ ನಾರ್ಮಲ್’ ಕೊಟ್ಟೆ. ಸಾಮಾನ್ಯವಾಗಿ ಇದರಿಂದ ಗ್ರಬ್ ಮೆನು ಬರಬೇಕು. ಬಂದದ್ದು ಗ್ರಬ್ ಎಂದು ಆರಂಭವಾಗುವ ಒಂದು ಹೆಸರು ಹಿಡಿದು ‘ಸಿಂಬಲ್ ನಾಟ್ ಫೌಂಡ್’ ಎಂಬ ದೂರು. ಹೊಸ ಡಿಸ್ಕಿನ ಬೂಟ್ ಜಾಗದಲ್ಲಿರುವ ಗ್ರಬ್ ಹಲವು ವರ್ಷ ಹಳೆಯದು, ಮೂಲ ಡಿಸ್ಕಿನಲ್ಲಿರುವ ಗ್ರಬ್ ಮಾಡ್ಯೂಲುಗಳು (ಅದಕ್ಕೆ ಜೋಡಣೆಯಾಗುವ ತುಣುಕುಗಳು) ಡೆಬಿಯನ್ 12ರವು. ಹೊಸ ಮಾಡ್ಯೂಲ್ ಕೇಳುವ ಸೌಲಭ್ಯ ಹಳೆಯ ಗ್ರಬ್‌ನಲ್ಲಿ ಇಲ್ಲ. 2020ರ ಜುಲೈ ಕೊನೆಯಲ್ಲಿ ಬೂಟ್‌ಹೋಲ್ ಎಂಬ ಭದ್ರತಾ ದೋಷಕ್ಕೆ ತೇಪೆ ಬಂದಾಗ ಹಲವರ ಕಂಪ್ಯೂಟರುಗಳು ‘ಗ್ರಬ್ ಕ್ಯಾಲಕ್ ನಾಟ್ ಫೌಂಡ್’ ಎಂದು ನಿಂತುಬಿಟ್ಟದ್ದೂ ಇದೇ ಕಾರಣದಿಂದ: ಬಯಾಸ್ ಬೂಟ್ ಮಾಡುವ ಡಿಸ್ಕು ಒಂದು, ಅಪ್‌ಡೇಟ್ ಗ್ರಬ್ ಬರೆದ ಡಿಸ್ಕು ಇನ್ನೊಂದು. ಆ ಸಾಲಿನಲ್ಲಿ ಇನ್ನು ಹೆಣಗುವುದರಲ್ಲಿ ಅರ್ಥವಿರಲಿಲ್ಲ.

ಬಯಾಸ್ ಒಳಗೆ ಹೋದೆ. ಬೂಟ್ ಆರ್ಡರ್ ಪುಟದಲ್ಲಿ ‘ಹಾರ್ಡ್ ಡಿಸ್ಕ್’ ಎಂಬುದು ಮೊದಲಿಗಿತ್ತು, ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತಿತ್ತು. ಅನೇಕ ಹಳೆಯ ಬಯಾಸ್‌ಗಳಲ್ಲಿ ಇರುವ ಮರೆಯೊಂದು ಇಲ್ಲೂ ಇತ್ತು. ಸಿಡಿ, ಯುಎಸ್‌ಬಿ, ಹಾರ್ಡ್ ಡಿಸ್ಕ್ ಇವುಗಳ ಸರದಿ ಒಂದು ಪುಟದಲ್ಲಿದ್ದರೆ, ಇರುವ ಹಾರ್ಡ್ ಡಿಸ್ಕುಗಳ ಪೈಕಿ ಯಾವುದು ಮೊದಲು ಎಂಬುದು ಇನ್ನೊಂದು ಉಪಪುಟದಲ್ಲಿರುತ್ತದೆ. ಆ ಪುಟದಲ್ಲಿ 1 ಟಿಬಿ ಡಿಸ್ಕ್ ಮೇಲೆ ಕುಳಿತಿತ್ತು. ಅದನ್ನು ಕೆಳಗಿಳಿಸಿ ಸೇವ್ ಮಾಡಿದ ಮೇಲೆ ಡೆಬಿಯನ್ನಿನ ಪರಿಚಿತ ಮೆನು ಬಂತು. ಮಾವ ಪಕ್ಕದ ಹೋಟೆಲಿನಿಂದ ಕಾಫಿ ತರಿಸಿದರು.

ಕಾಫಿ ಮುಗಿಯುವ ಮುನ್ನವೇ ಎರಡನೆಯ ತೊಡಕು ಎದುರಾಯಿತು. ಲಿನಕ್ಸಿನ ತಿರುಳಾದ ಕರ್ನಲ್ ಎದ್ದು ಸಾಲುಗಳು ಓಡಿ, ಒಂದು ಕಡೆ ನಿಂತವು. ‘/ಡೆವ್/ಎಸ್‌ಡಿಎ6’ಕ್ಕಾಗಿ ಕಾಯುತ್ತಿದ್ದೇನೆ ಎಂದು, ಬೂಟ್‌ನ ಉಳಿದ ಕೆಲಸಗಳನ್ನು ನಡೆಸುವ ಸಿಸ್ಟಮ್‌ಡಿ ಸೆಕೆಂಡುಗಳನ್ನು ಎಣಿಸತೊಡಗಿತು. ಅದರ ವಾಡಿಕೆಯ ಗಡುವು 1 ನಿಮಿಷ 30 ಸೆಕೆಂಡು. ಅದು ಮುಗಿದ ಮೇಲೆ ‘/ಎಸ್‌ಆರ್‌ವಿ’ಯನ್ನು, ಅಂದರೆ ಅಂಗಡಿಯ ಫೈಲುಗಳಿರುವ ಫೋಲ್ಡರನ್ನು, ಜೋಡಿಸಲಾಗಲಿಲ್ಲ ಎಂದು ಹೇಳಿ ಎಮರ್ಜೆನ್ಸಿ ಮೋಡಿಗೆ ಇಳಿಯಿತು. ಅಲ್ಲೂ ನನ್ನನ್ನು ಒಳಗೆ ಬಿಡಲಿಲ್ಲ: ಇನ್‌ಸ್ಟಾಲ್ ಮಾಡುವಾಗ ರೂಟ್‌ಗೆ (ಎಲ್ಲ ಅಧಿಕಾರವಿರುವ ಖಾತೆಗೆ) ಪಾಸ್‌ವರ್ಡ್ ಕೊಡದೆ, ಸಾಮಾನ್ಯ ಖಾತೆಯಿಂದಲೇ ಆ ಅಧಿಕಾರ ಬಳಸುವ ಸುಡೋ ಮಾತ್ರ ಇಟ್ಟುಕೊಂಡಿದ್ದರಿಂದ ‘ರೂಟ್ ಖಾತೆಗೆ ಬೀಗ ಹಾಕಿದೆ, ಎಂಟರ್ ಒತ್ತಿ’ ಎಂಬ ಅರ್ಥದ ಸಂದೇಶ ಬರುತ್ತಿತ್ತು. ಎಂಟರ್ ಒತ್ತಿದರೆ ಮತ್ತೆ ಅದೇ ಸಂದೇಶ.

ಕಾರಣ ಊಹಿಸಲು ಕಷ್ಟವಿರಲಿಲ್ಲ. ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ಕರ್ನಲ್ ಕೊಡುವುದು ತನಗೆ ಸಿಕ್ಕ ಅನುಕ್ರಮದಲ್ಲಿ. ಯಾವ ಡಿಸ್ಕಿಗೂ ಆ ಹೆಸರು ಸ್ವಂತವಲ್ಲ. ಹೊಸ ಡಿಸ್ಕ್ ಮೊದಲ ಪೋರ್ಟಿನಲ್ಲಿದ್ದುದರಿಂದ ಎಸ್‌ಡಿಎ ಆಯಿತು, ಮೂಲ ಡಿಸ್ಕ್ ಎಸ್‌ಡಿಬಿಗೆ ಸರಿಯಿತು. ರೂಟ್ ಪಾರ್ಟಿಷನ್ನಿನ (ಲಿನಕ್ಸ್ ಇರುವ ಪಾರ್ಟಿಷನ್ನಿನ) ಸಾಲನ್ನು, ಯಾವ ಪಾರ್ಟಿಷನ್ ಎಲ್ಲಿ ಜೋಡಣೆಯಾಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆದದ್ದು ಡೆಬಿಯನ್ನಿನ ಇನ್‌ಸ್ಟಾಲರ್. ಅದು ಪ್ರತಿ ಫೈಲ್‌ಸಿಸ್ಟಮ್‌ಗೂ ವಿಶಿಷ್ಟವಾದ ಗುರುತಾದ ಯುಯುಐಡಿಯನ್ನು ಬಳಸಿತ್ತು, ಹಾಗಾಗಿ ರೂಟ್ ಎಲ್ಲಿದ್ದರೂ ಸಿಕ್ಕಿತು. ಅಂಗಡಿಯ ಫೈಲುಗಳಿರುವ 6 ಎಂಬ ಸಂಖ್ಯೆಯ ಪಾರ್ಟಿಷನ್ನಿನ (ಇರುವುದು ಮೂರೇ ಆದರೂ, ಲಾಜಿಕಲ್ ಎಂಬ ಬಗೆಯ ಪಾರ್ಟಿಷನ್‌ಗಳ ಸಂಖ್ಯೆ 5ರಿಂದ ಆರಂಭವಾಗುತ್ತದೆ) ಸಾಲನ್ನು ಕೆಲವು ವರ್ಷಗಳ ಹಿಂದೆ ಅವಸರದಲ್ಲಿ ಕೈಯಿಂದ ಬರೆದವನು ನಾನು, ಬರೆದದ್ದು ಎಸ್‌ಡಿಎ6 ಎಂದು. ಒಂದೇ ಡಿಸ್ಕ್ ಇರುವಷ್ಟು ಕಾಲ ಆ ತಪ್ಪು ಸರಿಯಂತೆಯೇ ನಡೆದುಕೊಂಡು ಬಂತು.

ಬೀಗ ಹಾಕಿದ ರೂಟ್ ಖಾತೆಯನ್ನು ದಾಟುವ ದಾರಿ ಗ್ರಬ್ ಮೆನುವಿನಲ್ಲೇ ಇದೆ. ಮೆನು ಸಾಲಿನ ಮೇಲೆ ನಿಂತು ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಗೆ ‘ಇನಿಟ್=/ಬಿನ್/ಬ್ಯಾಶ್’ ಸೇರಿಸಿ ಕಂಟ್ರೋಲ್-ಎಕ್ಸ್ ಒತ್ತಿದರೆ ಪಾಸ್‌ವರ್ಡ್ ಕೇಳದೆ ಶೆಲ್ ಸಿಗುತ್ತದೆ. (ಯಾರು ಬೇಕಾದರೂ ಹೀಗೆ ಒಳಗೆ ಬರಬಹುದೆಂದು ಮಾವನಿಗೆ ಹೇಳಿದಾಗ ಅವರು ಅಂಗಡಿಯ ಷಟರಿನ ಬೀಗದ ಕಡೆ ನೋಡಿದರು.) ಆ ಸ್ಥಿತಿಯಲ್ಲಿ ರೂಟ್ ಓದಲು ಮಾತ್ರ ತೆರೆದಿರುತ್ತದೆ, ಬರೆಯಬೇಕಾದರೆ ‘ಮೌಂಟ್’ ಆಜ್ಞೆಗೆ ರೀಮೌಂಟ್, ಆರ್‌ಡಬ್ಲ್ಯೂ ಎಂಬ ಆಯ್ಕೆಗಳನ್ನು ಕೊಟ್ಟು ಮತ್ತೊಮ್ಮೆ ಜೋಡಿಸಬೇಕು.

ಯುಯುಐಡಿ ಎಂಬುದು ಅಡ್ಡಗೆರೆಗಳೂ ಸೇರಿ 36 ಅಕ್ಷರಗಳ ಸರಮಾಲೆ. ಅದನ್ನು ಕಣ್ಣಿಂದ ನೋಡಿ ಕೈಯಿಂದ ಹೊಡೆಯುವುದು ಮತ್ತೊಂದು ತಪ್ಪಿಗೆ ಆಹ್ವಾನ. ಎಫ್‌ಎಸ್‌ಟ್ಯಾಬ್‌ನ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿಟ್ಟು, ‘ಬಿಎಲ್‌ಕೆಐಡಿ’ ಆಜ್ಞೆಯಿಂದ ಎಸ್‌ಡಿಬಿ6ರ ಯುಯುಐಡಿಯನ್ನಷ್ಟೇ ಹೊರತೆಗೆದು, ಎರಡು ಬಾಣದ ಗುರುತಿನಿಂದ ಎಫ್‌ಎಸ್‌ಟ್ಯಾಬ್‌ನ ಕೊನೆಗೆ ಅಂಟಿಸಿದೆ. ಅನಂತರ ಎಡಿಟರ್‌ನಲ್ಲಿ ಅದರ ಹಿಂದೆ ಮುಂದೆ ಬೇಕಾದುದನ್ನು ಸೇರಿಸಿ ಹಳೆಯ ಸಾಲನ್ನು ತೆಗೆದೆ. ಬಾಣದ ಗುರುತು ಎರಡರ ಬದಲು ಒಂದೇ ಆದರೆ ಎಫ್‌ಎಸ್‌ಟ್ಯಾಬ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗಿ ಆ 36 ಅಕ್ಷರಗಳು ಮಾತ್ರ ಉಳಿಯುತ್ತವೆ. ಪ್ರತಿ ಇಟ್ಟುಕೊಂಡದ್ದು ಅದಕ್ಕಾಗಿಯೇ. ಯಾವ ಸಾಲು ಯಾವ ಡಿಸ್ಕಿನದು ಎಂದು ಟಿಪ್ಪಣಿಯನ್ನೂ ಬರೆದೆ, ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ. ಬರಿಯ ಕನ್ಸೋಲಿನಲ್ಲಿ ಕನ್ನಡ ಒತ್ತಕ್ಷರಗಳು ಮೂಡುವುದಿಲ್ಲ. ‘ಸಿಂಕ್’ ಕೊಟ್ಟು ಮರುಚಾಲನೆ ಮಾಡಿದಾಗ ಲಾಗಿನ್ ಪರದೆ ಬಂತು.

ಹೊಸ ಡಿಸ್ಕಿಗೂ ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು ಬರೆದು, ಅದಕ್ಕೆ ‘ನೋಫೇಲ್’ ಎಂಬ ಆಯ್ಕೆಯನ್ನೂ, ಕಾಯುವ ಗಡುವನ್ನು 10 ಸೆಕೆಂಡಿಗೆ ಇಳಿಸುವ ಸಿಸ್ಟಮ್‌ಡಿ ಆಯ್ಕೆಯನ್ನೂ ಸೇರಿಸಿದೆ. ಈ ಡಿಸ್ಕಿನಲ್ಲಿರುವುದು ಹಳೆಯ ಪತ್ರಿಕೆಗಳು ಮಾತ್ರ; ಅದು ಸಿಗದಿದ್ದರೂ ಅಂಗಡಿಯ ದಿನದ ಕೆಲಸ ನಡೆಯಬೇಕು. ‘/ಎಸ್‌ಆರ್‌ವಿ’ಯ ಸಾಲಿಗೆ ಮಾತ್ರ ನೋಫೇಲ್ ಹಾಕಲಿಲ್ಲ. ಎಲ್ಲ ಸಾಲಿಗೂ ಅದನ್ನು ಹಾಕಿಬಿಡಿ ಎಂದು ಸಲಹೆ ಕೊಡುವವರುಂಟು, ನನಗೆ ಅದು ಒಪ್ಪಿಗೆಯಿಲ್ಲ. ಅಂಗಡಿಯ ಮುಖ್ಯ ಫೈಲುಗಳ ಪಾರ್ಟಿಷನ್ ಜೋಡಣೆಯಾಗದೆ ಕಂಪ್ಯೂಟರ್ ಎದ್ದರೆ, ಸಾಂಬಾ ಖಾಲಿ ಫೋಲ್ಡರೊಂದನ್ನು ಹಂಚುತ್ತದೆ. ಕೆಲಸದ ಹುಡುಗರು ಗೊತ್ತಿಲ್ಲದೆ ಅದರೊಳಗೇ ಹೊಸ ಫೈಲುಗಳನ್ನು ಉಳಿಸುತ್ತಾರೆ. ಮರುದಿನ ಪಾರ್ಟಿಷನ್ ಜೋಡಣೆಯಾದಾಗ ಆ ಫೈಲುಗಳು ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಅದಕ್ಕಿಂತ ಕಂಪ್ಯೂಟರ್ ಏಳದೆ ನಿಂತು ನನಗೆ ಫೋನ್ ಬರುವುದೇ ಮೇಲು. ಹೊಸ ಡಿಸ್ಕಿಗೂ ಇದೇ ಅಪಾಯ ಸಣ್ಣ ಪ್ರಮಾಣದಲ್ಲಿ ಇದೆಯಾದ್ದರಿಂದ, ಡಿಸ್ಕ್ ಜೋಡಿಸುವ ಮೊದಲು ಅದರ ಖಾಲಿ ಫೋಲ್ಡರಿಗೆ ‘ಸಿಎಚ್‌ಎಟಿಟಿಆರ್ ಪ್ಲಸ್ ಐ’ ಕೊಟ್ಟೆ; ಆಮೇಲೆ ಡಿಸ್ಕ್ ಇಲ್ಲದಾಗ ಆ ಫೋಲ್ಡರಿನೊಳಗೆ ರೂಟ್ ಕೂಡ ಏನನ್ನೂ ಬರೆಯಲಾಗುವುದಿಲ್ಲ. ‘ಫೈಂಡ್‌ಮೌಂಟ್’ ಆಜ್ಞೆಗೆ ವೆರಿಫೈ ಎಂಬ ಆಯ್ಕೆ ಕೊಟ್ಟರೆ ಎಫ್‌ಎಸ್‌ಟ್ಯಾಬ್‌ನ ತಪ್ಪುಗಳನ್ನು ಮರುಚಾಲನೆಗೆ ಮುನ್ನವೇ ಹೇಳುತ್ತದೆ. ಅದು ದೂರು ಹೇಳಲಿಲ್ಲ.

ಸಂಜೆ ಹಳೆಯ ಪತ್ರಿಕೆಗಳನ್ನು ಹೊಸ ಡಿಸ್ಕಿಗೆ ನಕಲು ಮಾಡಲು ಆರ್‌ಸಿಂಕ್ ಹಚ್ಚಿದೆ. ಅರ್ಧ ಗಂಟೆಯಲ್ಲಿ ವೇಗ ಕುಸಿಯಿತು. ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ ನೋಡಿದರೆ ಮೊದಲ ಪೋರ್ಟಿನ ಮೇಲೆ ಸಾಲು ಸಾಲು ದೋಷಗಳು, ಕೊನೆಗೆ ಸಾಟಾ ವೇಗವನ್ನು 1.5 ಗಿಗಾಬಿಟ್‌ಗೆ ಇಳಿಸಿದ್ದೇನೆಂಬ ಸಂದೇಶ. ಡಿಸ್ಕೇ ಹೋಯಿತೇನೋ ಎಂದು ಅಂಜುತ್ತ ಸ್ಮಾರ್ಟ್ ಅಂಕಿಗಳನ್ನು ಮತ್ತೆ ತೆಗೆದೆ. ಸೆಕ್ಟರುಗಳ ಅಂಕಿಗಳು ಸೊನ್ನೆಯಲ್ಲೇ ಇದ್ದವು. ನಿನ್ನೆ ಸೊನ್ನೆಯಿದ್ದ 199ನೆಯ ಅಂಕಿ, ಅಂದರೆ ಯುಡಿಎಂಎ ಸಿಆರ್‌ಸಿ ದೋಷಗಳ ಎಣಿಕೆ, 38ಕ್ಕೆ ಏರಿತ್ತು. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಸಾಗುವಾಗ ಮಾಹಿತಿ ಕೆಟ್ಟರೆ ಏರುವ ಎಣಿಕೆಯಿದು. ಡಿಸ್ಕಿನ ಮೇಲ್ಮೈಗೂ ಇದಕ್ಕೂ ಸಂಬಂಧವಿಲ್ಲ, ಬಹುಪಾಲು ಕೇಬಲ್ಲೇ ಕಾರಣ. ಬೆಳಿಗ್ಗೆ ಅಲ್ಲಾಡಿದ ಕೇಬಲ್. ಭಾನುವಾರ ಕಂಪ್ಯೂಟರ್ ಬಿಡಿಭಾಗಗಳು ಸಿಗುವ ಎಸ್.ಪಿ. ರೋಡಿನ ಅಂಗಡಿಗಳು ಬಹುತೇಕ ಮುಚ್ಚಿರುತ್ತವಾದ್ದರಿಂದ ನಕಲನ್ನು ನಿಲ್ಲಿಸಿ ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾವನ ಫೋನ್.

“ಮತ್ತೆ ಅದೇ ಕಪ್ಪು ಪರದೆ ಕಣೋ. ರೆಸ್ಕ್ಯೂ ಅಂತ ಬರ್ತಿದೆ. ಯಾರನ್ನ ಕಾಪಾಡಬೇಕಂತೆ ಅದು?”

“ಮಾವ, ಏನೂ ಒತ್ತಬೇಡಿ. ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿದ್ರಾ?”

“ದಿನಾ ಮಾಡ್ತೀನಲ್ಲೋ, ಇವತ್ತೇನು ಹೊಸದು?”

ಹೊಸದಾಗಿದ್ದದ್ದು ಡಿಸ್ಕ್ ಮಾತ್ರ. ಹೋಗಿ ಬಯಾಸ್ ತೆರೆದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು, ಡಿಸ್ಕುಗಳ ಸರದಿ ಮತ್ತೆ ಮೊದಲಿನಂತಾಗಿತ್ತು. ಮದರ್‌ಬೋರ್ಡಿನ ಸಿಆರ್2032 ಗುಂಡಿ ಸೆಲ್ಲನ್ನು ಬಿಚ್ಚಿ ಮಲ್ಟಿಮೀಟರಿಗೆ ಹಿಡಿದರೆ 3 ವೋಲ್ಟ್ ಇರಬೇಕಾದ ಕಡೆ 1.9 ತೋರಿಸಿತು. ರಾತ್ರಿ ಕರೆಂಟ್ ಪೂರ್ತಿ ಕಡಿದಾಗ ಬಯಾಸ್ ತನ್ನ ನೆನಪನ್ನು ಕಳೆದುಕೊಳ್ಳುತ್ತಿತ್ತು. ಇದು ನಿನ್ನೆ ಆರಂಭವಾದ ದೋಷವೂ ಆಗಿರಲಾರದು. ಒಂದೇ ಡಿಸ್ಕ್ ಇದ್ದಾಗ ಬಯಾಸ್ ಮರೆತರೂ ತಪ್ಪಲು ಬೇರೆ ಡಿಸ್ಕ್ ಇರಲಿಲ್ಲ, ಗಡಿಯಾರವನ್ನು ಇಂಟರ್‌ನೆಟ್‌ನಿಂದ ಡೆಬಿಯನ್ ತಾನೇ ಸರಿಮಾಡಿಕೊಳ್ಳುತ್ತಿತ್ತು.

ಕೆ.ಆರ್. ಮಾರ್ಕೆಟ್ ದಾಟಿ ಎಸ್.ಪಿ. ರೋಡಿಗೆ ನಡೆದುಹೋಗಿ ಸೆಲ್ಲನ್ನೂ, ಎರಡೂ ತುದಿಗೆ ಲಾಕ್ ಇರುವ ಎರಡು ಸಾಟಾ ಕೇಬಲ್‌ಗಳನ್ನೂ ತಂದೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಫಲಕಗಳಲ್ಲಿ ಮಾತ್ರ ಉಳಿದಿದೆ.

ಸೆಲ್ ಬದಲಾಯಿಸಿದ ಮಾತ್ರಕ್ಕೆ ಬಯಾಸ್‌ನ ನೆನಪಿನ ಮೇಲೆ ಭಾರ ಹಾಕಲು ಮನಸ್ಸಾಗಲಿಲ್ಲ. ಮೊದಲು ಹೊಳೆದದ್ದು ಹೊಸ ಡಿಸ್ಕಿನ ಆ 446 ಬೈಟುಗಳನ್ನು ‘ಡಿಡಿ’ ಆಜ್ಞೆಯಿಂದ ಸೊನ್ನೆ ಮಾಡಿಬಿಡುವುದು. 446ರ ಬದಲು 512 ಎಂದು ಹೊಡೆದರೆ ಪಾರ್ಟಿಷನ್ ಪಟ್ಟಿಯೂ ಹೋಗುತ್ತದೆ ಎಂಬ ಭಯ ಹಾಗಿರಲಿ, ಇದರಲ್ಲಿ ಬೇರೊಂದು ಹುಳುಕಿದೆ. ಬೂಟ್ ಕೋಡ್ ಹೋದರೂ ಕೊನೆಯ ‘55 ಎಎ’ ಗುರುತು ಉಳಿಯುತ್ತದೆ. ಆ ಗುರುತನ್ನು ಕಂಡ ಬಯಾಸ್ ಈ ಡಿಸ್ಕ್ ಬೂಟ್ ಆಗುವಂಥದ್ದೆಂದು ನಂಬಿ ಸೊನ್ನೆಗಳೊಳಗೆ ಜಿಗಿದು, ಸಂದೇಶವೂ ಇಲ್ಲದ ಪರದೆಯೊಂದಿಗೆ ನಿಂತುಬಿಡಬಹುದು. ರೆಸ್ಕ್ಯೂ ಸಾಲಿನಲ್ಲಿ ಓದುವುದಕ್ಕಾದರೂ ಏನೋ ಇರುತ್ತದೆ.

ಆದ್ದರಿಂದ ಎದುರು ದಾರಿ ಹಿಡಿದು, ಈಗಿನ ಗ್ರಬ್ಬನ್ನು ಎರಡೂ ಡಿಸ್ಕುಗಳ ಬೂಟ್ ಜಾಗಕ್ಕೆ ಬರೆಸಿದೆ. ‘ಗ್ರಬ್-ಇನ್‌ಸ್ಟಾಲ್’ ಆಜ್ಞೆಯನ್ನು ಎರಡು ಬಾರಿ ಕೊಟ್ಟರೆ ಅಂದಿಗೆ ಸಾಕು, ಆದರೆ ಮುಂದಿನ ಅಪ್‌ಡೇಟ್ ಬಂದಾಗ ಒಂದು ಡಿಸ್ಕಿನದು ಹೊಸದಾಗಿ ಇನ್ನೊಂದರದು ಹಳೆಯದಾಗಿ ಉಳಿದು, ಭಾನುವಾರ ಕಂಡ ಸಿಂಬಲ್ ಜಗಳ ಮರುಕಳಿಸುತ್ತದೆ. ಡೆಬಿಯನ್ನಿನಲ್ಲಿ ‘ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ’ ಕೊಟ್ಟರೆ ಗ್ರಬ್ ಎಲ್ಲೆಲ್ಲಿ ಇರಬೇಕೆಂಬ ಪಟ್ಟಿ ಬರುತ್ತದೆ. ಅಲ್ಲಿ ಎರಡೂ ಡಿಸ್ಕುಗಳಿಗೆ ಗುರುತು ಹಾಕಿದೆ. ಆ ಆಯ್ಕೆಯನ್ನು ಅದು ಡಿಸ್ಕಿನ ಮಾದರಿ ಮತ್ತು ಕ್ರಮಸಂಖ್ಯೆ ಸೇರಿದ ಹೆಸರಿನಲ್ಲಿ ನೆನಪಿಡುವುದರಿಂದ, ಎಸ್‌ಡಿಎ, ಎಸ್‌ಡಿಬಿ ಅದಲುಬದಲಾದರೂ ಅಪ್‌ಡೇಟ್ ಎರಡನ್ನೂ ತಪ್ಪದೆ ತಲುಪುತ್ತದೆ.

ಕೇಬಲ್‌ಗಳನ್ನು ಬದಲಾಯಿಸಿ, ಮೂಲ ಡಿಸ್ಕನ್ನು ಮೊದಲ ಪೋರ್ಟಿಗೂ ಹೊಸದನ್ನು ಎರಡನೆಯದಕ್ಕೂ ಹಾಕಿದೆ. ಬೂಟ್ ಆಯಿತು. ಬಯಾಸ್‌ನಲ್ಲಿ ಬೇಕೆಂದೇ ಹೊಸ ಡಿಸ್ಕನ್ನು ಮುಂದಿಟ್ಟೆ; ಆಗಲೂ ಆಯಿತು. ಪೋರ್ಟುಗಳನ್ನು ಅದಲುಬದಲು ಮಾಡಿ ಎರಡು ಸರದಿಗಳಲ್ಲೂ ನೋಡಿ, ಹೊಸ ಡಿಸ್ಕಿನ ಕೇಬಲ್ ಕಿತ್ತೂ ನೋಡಿದೆ. ಹತ್ತು ಸೆಕೆಂಡು ಕಾದು ಎದ್ದಿತು, ಅದರ ಫೋಲ್ಡರಿಗೆ ಬರೆಯಲು ಹೋದಾಗ ಅನುಮತಿಯಿಲ್ಲವೆಂದಿತು. ಎಲ್ಲವನ್ನೂ ಮತ್ತೆ ಜೋಡಿಸಿ ನಕಲನ್ನು ಮುಂದುವರಿಸಿದೆ. ರಾತ್ರಿ ಒಂಬತ್ತೂವರೆಗೆ ಮುಗಿದಾಗ ಸಿಆರ್‌ಸಿ ಎಣಿಕೆ 38ರಲ್ಲೇ ನಿಂತಿತ್ತು. ಆ ಅಂಕಿ ಎಂದೂ ಇಳಿಯುವುದಿಲ್ಲ, ಏರದಿದ್ದರೆ ಸಾಕು.

ಮಾವ ಮೇನ್ ಸ್ವಿಚ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಅವರೇ ಆನ್ ಮಾಡಿದರು. ಮುಂದಿನ ಮೇಜಿನ ಕಂಪ್ಯೂಟರಿನಲ್ಲಿ ಹಳೆಯ ಪತ್ರಿಕೆಗಳ ಫೋಲ್ಡರ್ ತೆರೆದುಕೊಂಡಿತು. ಯಾವ ಪೋರ್ಟಿನಲ್ಲಿ ಯಾವ ಡಿಸ್ಕ್, ಅವುಗಳ ಯುಯುಐಡಿಗಳ ಮೊದಲ ಎಂಟು ಅಕ್ಷರಗಳೇನು, ಸೆಲ್ ಹಾಕಿದ ದಿನಾಂಕ ಯಾವುದು ಎಂಬುದನ್ನು ಅಚ್ಚು ಕೆಟ್ಟ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಬರೆದು, ಕ್ಯಾಬಿನೆಟ್ಟಿನ ಮುಚ್ಚಳದ ಒಳಗೆ ಅಂಟಿಸಿ ಸ್ಕ್ರೂ ಬಿಗಿದೆ.